ಸಮುದ್ರಕ್ಕ ಹೊಂಟ ಮಗಳಿಗೊಂದು ಪತ್ರ

ಬಾಗಲಕೋಟಿ, ಬುಧವಾರ ರಾತ್ರಿ

ನನ್ನವ್ವಾ,

ತಮ್ಮ ನಾಳೆ ಹುಬ್ಬಳ್ಳಿಗೆ ಬರತಾನ, ರೊಟ್ಟಿ ಗಂಟಿನ್ಯಾಗ ಈ ಚೀಟಿ ಇಟ್ಟೀನಿ. ನಿನ್ನೆ ಫೋನಿನ್ಯಾಗ "ಗೋಕರ್ಣಕ್ಕ ಹೋದ್ರ ಮನಿಗೆ ಬರಬ್ಯಾಡ" ಅಂದ್ನೆಲ್ಲ, ಹಂಗ ಅನ್ನಬಾರದಿತ್ತು.

ನಿನಗ ಒಂದು ಮಾತು ಹೇಳಿಲ್ಲ. ಕೂಡಲಸಂಗಮದಾಗ ಸಂಕ್ರಮಣದ ಜಳಕ, ನಿನಗ ನಾಕು ವರ್ಷ. ಸೆರಗು ಸೊಂಟಕ್ಕ ಸಿಗಸಾಕ ನಿನ್ನ ಕೈ ಬಿಟ್ಟೆ. ಸೆರಗು ಸಿಗಸಾಕ ಎಷ್ಟೊತ್ತು ಬೇಕು? ತಿರುಗಿ ನೋಡಿದ್ರ ನೀರಿನ ಮ್ಯಾಲ ನಿನ್ನ ಕೆಂಪು ರಿಬ್ಬನ್ ಅಷ್ಟ. ಗುರುತಿಲ್ಲದ ಮುದುಕಿ ಒಬ್ಬಾಕಿ ಜಡಿ ಹಿಡದು ಎಳದ್ಲು, "ಕೂಸಿನ ಮ್ಯಾಲ ಖಬರ ಇಲ್ಲೇನ" ಅಂತ ಬೈದ್ಲು. ನೀ ಕೆಮ್ಮಿದಿ, ಅತ್ತಿ, ಆಮ್ಯಾಲ ಶೇಂಗಾ ಹೋಳಿಗಿ ಕೇಳಿದಿ. ನಿಮ್ಮಪ್ಪ ಗುಡಿ ಪಾಳೇದಾಗಿದ್ರು, ಅವರಿಗೂ ಹೇಳಿಲ್ಲ. ಆ ಮುದುಕಿ ಹೆಸರೂ ಕೇಳಲಿಲ್ಲ ನಾ. ಇವತ್ತಿಗೂ ಸೆರಗು ಸಿಗಸುವಾಗ ಎಡಗೈ ನಿನ್ನ ಹುಡುಕತೈತಿ.

ಅದಕ್ಕ ಓಣಿ ಹುಡುಗೂರು ಬೆಂಡು ಕಟ್ಟಿಕೊಂಡು ಬಾವಿಗೆ ಹೋದ್ರ ನಿನ್ನ ಕಳಸಲಿಲ್ಲ. ತಪ್ಪು ನಂದ. ಈಜು ಬಂದಿದ್ರ ಇಷ್ಟು ಅಂಜತಿದ್ದಿಲ್ಲ.

ಗೋಕರ್ಣದ ಕುಡ್ಲೆ ಬೀಚಿನ ಫೋಟೋ ನೋಡಿದೆ. ಎರಡೂ ಕಡೆ ಗುಡ್ಡ, ನಡುವ ಅರ್ಧ ಬಳಿ ಹಂಗ ಉಸುಕು. ಚಂದ ಐತಿ, ಸುಳ್ಳ್ಯಾಕ ಹೇಳ್ಲಿ. ಅಂಕೋಲಾದಾಗಿನ ನಿಮ್ಮಪ್ಪನ ಗೆಳೆಯಾರಿಗೆ ಫೋನ್ ಹಚ್ಚಿ ಕೇಳಿದೆ. ಸಮುದ್ರ ದಿನಕ್ಕ ಎರಡು ಸಲ ಏರತೈತಂತ, ದಿನಾ ಸುಮಾರು 50 ನಿಮಿಷ ತಡಾ ಆಕ್ಕೋತ. ಹುಣ್ಣಿವಿಗೆ ಉಬ್ಬರ ಇನ್ನೂ ಹೆಚ್ಚು, ನೀವು ಹೊಂಟದ್ದೂ ಹುಣ್ಣಿವಿಗೇ! ಕಸಾಕಡ್ಡಿ ಬಂದು ನಿಂತ ಗೆರಿ ಕಾಣತೈತಿ, ಡೇರೆ ಅದಕ್ಕಿಂತ ಭಾಳ ಮ್ಯಾಲ ಇರಲಿ. ನೀರು ಒಳಗ ಎಳದ್ರ ದಂಡಿ ಕಡೆ ನೇರ ಬಡದಾಡಬ್ಯಾಡ, ಅಡ್ಡ ಸರಿ. ಈಜು ಬರಲಾರದಾಕಿಗೆ ಇದೇನು ಹೇಳಾಕತ್ತೀನಿ ನಾ! ಮೊಣಕಾಲ ಮಟ ಅಷ್ಟ ಹೋಗು. ಕತ್ತಲಾದ ಮ್ಯಾಲ ಗುಡ್ಡ ದಾಟಿ ಓಂ ಬೀಚಿಗೆ ಹೋಗಬ್ಯಾಡ. ಟಾರ್ಚ್ ತಗೋ. ಸಾಕು, ನೀ ಕಣ್ಣು ಹೊಳ್ಳಸೂದು ಇಲ್ಲಿಂದಾನ ಕಾಣಾಕತ್ತೈತಿ.

ನಿನ್ನ ಪಗಾರದಾಗ ನೀನ ಡೇರೆ ಬುಕ್ ಮಾಡಿದ್ದು ಬಾಜೂಮನಿ ಅಕ್ಕನ ಮುಂದ ಹೇಳಿ ಬಂದೆ, ಸಿಟ್ಟಿನ್ಯಾಗೂ. ನಾ ಇನ್ನೂ ಸಮುದ್ರ ನೋಡಿಲ್ಲ.

ಕಡಕ್ ರೊಟ್ಟಿ ಇಪ್ಪತ್ತದಾವು. ಚಟ್ನಿ ಡಬ್ಬಿ ಮುಚ್ಚಳ ಸಡಿಲ ಐತಿ, ಅರಬಿ ಜೋಡಿ ಇಡಬ್ಯಾಡ. ಮುಂಜಾನೆ ಡೇರೆ ಬಾಗಲಾ ತಗದಾಗ ನೀರು ಎಲ್ಲಿತನಕ ಬಂದಿತ್ತು, ಫೋನ್ ಮಾಡಿ ಹೇಳು.

ನಿಮ್ಮವ್ವ