ಕೋಡ್‌ಗೆ ಬೋಲ್ಡ್ ಬೇಡ, ಬ್ಯಾಕ್‌ಟಿಕ್ ಇರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಿಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯ ಪಾಠ ಕನ್ನಡದಲ್ಲೇ ಬರುತ್ತಿದೆ. ತುಂಬಾ ಒಳ್ಳೆಯ ಕೆಲಸ. ಅರಸೀಕೆರೆ, ಆಲೂರು, ಬೇಲೂರು ಕಡೆಯಿಂದ ಬರುವ ಡಿಪ್ಲೊಮಾ ಮತ್ತು ಬಿಸಿಎ ಮಕ್ಕಳು ಆ ಪುಟ ಕತ್ತರಿಸಿ ಫೈಲಿನಲ್ಲಿ ಇಟ್ಟುಕೊಳ್ಳುವುದನ್ನು ನಾನೇ ನೋಡಿದ್ದೇನೆ. ಆದರೆ ಅದರಲ್ಲಿ ಕೋಡ್, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆ, ಅಚ್ಚಾಗುವ ರೀತಿ ಸರಿಯಿಲ್ಲ. ವಾಕ್ಯದ ನಡುವೆ ಬರುವ ಆಜ್ಞೆಗಳನ್ನೆಲ್ಲ ಬೋಲ್ಡ್ ಮಾಡಿದ್ದೀರಿ. ನೆಟ್ಟಗೆ ಇರಬೇಕಾದ ಉದ್ಧರಣ ಚಿಹ್ನೆ ಬಾಗಿದೆ. ಎರಡು ಹೈಫನ್ ಸೇರಿಕೊಂಡು ಒಂದು ಉದ್ದ ಗೆರೆ ಆಗಿದೆ. ಇ-ಪೇಪರ್‌ನಿಂದ ಕಾಪಿ ಮಾಡಿದರೆ ಪೈಥಾನ್ ಆ ಬಾಗಿದ ಚಿಹ್ನೆಯನ್ನು ಒಪ್ಪುವುದಿಲ್ಲ. ಕೈಯಲ್ಲಿ ಟೈಪ್ ಮಾಡುವವರು ಆ ಉದ್ದ ಗೆರೆ ನೋಡಿ ಒಂದೇ ಹೈಫನ್ ಹಾಕುತ್ತಾರೆ, ಆಗಲೂ ಆಜ್ಞೆ ಓಡುವುದಿಲ್ಲ. ಮಕ್ಕಳು ತಮಗೇ ಬುದ್ಧಿ ಸಾಲದು ಅಂದುಕೊಂಡು ಸುಮ್ಮನಾಗುತ್ತಾರೆ. ಅದಕ್ಕೇ ಈ ಪತ್ರ.

ನಾನು ಹಾಸನದ ಬಿ.ಎಂ. ರಸ್ತೆ ಪಕ್ಕದ ಓಣಿಯಲ್ಲಿ ಡಿ.ಟಿ.ಪಿ. ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತೇನೆ. ಮದುವೆ ಕಾರ್ಡು, ಬಾಡಿಗೆ ಕರಾರು, ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟು, ಎಲ್ಲ ನಮ್ಮ ಕೈ ಮೇಲೇ ಹೋಗುತ್ತವೆ. ಈಚೆಗೆ ಮಕ್ಕಳು ಎಐ ಹತ್ತಿರ ಬರೆಸಿಕೊಂಡ ಬರಹವನ್ನು ಹಾಗೇ ವರ್ಡ್‌ಗೆ ಅಂಟಿಸಿ ತರುತ್ತಾರೆ. ಪುಟದ ತುಂಬ ಸ್ಟಾರ್ ಗುರುತು. ಅಲ್ಲಲ್ಲಿ ಚಿಕ್ಕ ಓರೆ ಚುಕ್ಕೆಯಂಥ ಬ್ಯಾಕ್‌ಟಿಕ್. ಸಾಲಿನ ಮೊದಲಿಗೆ ಹ್ಯಾಶ್. "ಅಕ್ಕಾ, ಈ ಸ್ಟಾರ್ ಎಲ್ಲ ತೆಗೆದು ಪ್ರಿಂಟ್ ಕೊಡಿ, ಮಧ್ಯಾಹ್ನ ಸಬ್ಮಿಟ್ ಮಾಡಬೇಕು" ಅಂತಾರೆ.

ಸ್ಟಾರ್ ತೆಗೆಯುವುದು ಒಂದು ನಿಮಿಷದ ಕೆಲಸ. ಹುಡುಕು, ಬದಲಿಸು, ಮುಗಿಯಿತು. ಅಪಾಯ ಇರುವುದೇ ಅಲ್ಲಿ. ಪೈಥಾನ್‌ನಲ್ಲಿ `5**2` ಅಂದರೆ ಐದರ ವರ್ಗ, 25. ಸ್ಟಾರ್ ಕಿತ್ತರೆ ಅದು 52 ಆಗುತ್ತದೆ. ಸಿ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ ಇಟ್ಟುಕೊಳ್ಳುವ ಹೆಸರು, ತೋರಿಸುವುದೇ ಸ್ಟಾರ್. ಡೇಟಾಬೇಸ್‌ಗೆ 'ಎಲ್ಲ ಕಾಲಮ್ಮೂ ಕೊಡು' ಅನ್ನುವುದಕ್ಕೂ ಅದೇ ಸ್ಟಾರ್. ಬೇರೆ ಅಂಗಡಿಯಲ್ಲಿ ಹೀಗೆ 'ಕ್ಲೀನ್' ಮಾಡಿಸಿದ ರಿಪೋರ್ಟ್ ಹಿಡಿದುಕೊಂಡು ಒಬ್ಬ ಹುಡುಗ ವೈವಾ ಮುಗಿಸಿ ನಮ್ಮಲ್ಲಿಗೆ ಬಂದಿದ್ದ. ಒಂದು ಪಾಯಿಂಟರಿಗೂ ಸ್ಟಾರ್ ಇರಲಿಲ್ಲ. ಪ್ರೋಗ್ರಾಮ್ ಬರೆದವನು ಅವನೇ, ಅದು ಓಡುತ್ತಲೂ ಇತ್ತು. ಕಾಗದದ ಮೇಲೆ ಮಾತ್ರ ಎಲ್ಲ ತಪ್ಪು. ಆ ಹುಡುಗನ ಮುಖ ನೋಡಿ ನನಗೆ ನಿಜಕ್ಕೂ ಸಂಕಟ ಆಯಿತು.

ಈ ಗುರುತುಗಳು ಕಸ ಅಲ್ಲ. ಮಾರ್ಕ್‌ಡೌನ್ ಅನ್ನುವ ಬರೆಯುವ ಕ್ರಮ ಅದು. ಅಮೆರಿಕದ ಜಾನ್ ಗ್ರೂಬರ್ ಅನ್ನುವವರು 2004ರಲ್ಲಿ ಅದನ್ನು ಹೊರತಂದರು. ಆರನ್ ಸ್ವಾರ್ಟ್ಜ್ ಅವರ ಸಹಾಯವೂ ಅದರಲ್ಲಿತ್ತು. ಬರೀ ಅಕ್ಷರ ಮಾತ್ರ ಇರುವ ಫೈಲಿನಲ್ಲೂ ಎಲ್ಲಿ ಒತ್ತು, ಎಲ್ಲಿ ಕೋಡ್ ಅಂತ ಓದುವವರಿಗೆ ಗೊತ್ತಾಗಬೇಕು, ಯಾವ ದುಬಾರಿ ಸಾಫ್ಟ್‌ವೇರೂ ಬೇಕಾಗಬಾರದು ಅನ್ನುವುದು ಅವರ ಯೋಚನೆ. ಪದದ ಎರಡೂ ಕಡೆ ಒಂದೊಂದು ಸ್ಟಾರ್ ಇದ್ದರೆ ಓರೆ ಅಕ್ಷರ. ಎರಡೆರಡು ಇದ್ದರೆ ದಪ್ಪ ಅಕ್ಷರ. ಸ್ಟಾರ್ ಬದಲು ಅಂಡರ್‌ಸ್ಕೋರ್, ಅಂದರೆ `_` ಗೆರೆ, ಹಾಕಿದರೂ ಹಾಗೇ. ಬ್ಯಾಕ್‌ಟಿಕ್ ಇದ್ದರೆ ಕೋಡ್. ಕೀಬೋರ್ಡಿನಲ್ಲಿ 1ರ ಎಡಕ್ಕೆ ಇರುವ ಕೀಲಿಯೇ ಬ್ಯಾಕ್‌ಟಿಕ್. ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಸ್ಟಾರ್ ಹಾಕಿದರೂ ದಪ್ಪ ಆಗುತ್ತದೆ, ಅದಕ್ಕೇ ನಮ್ಮ ಮಕ್ಕಳಿಗೆ ಗೊಂದಲ. 2024ರಿಂದ ವಾಟ್ಸ್‌ಆ್ಯಪ್‌ನಲ್ಲೂ ಸಾಲಿನ ನಡುವೆ ಬ್ಯಾಕ್‌ಟಿಕ್ ಹಾಕಿ ಕೋಡ್ ತೋರಿಸಬಹುದು. ತುಂಬಾ ಜನರಿಗೆ ಗೊತ್ತಿಲ್ಲ.

ಈಗ ಬೋಲ್ಡ್ ವಿಷಯಕ್ಕೆ ಬರುತ್ತೇನೆ. ಬೋಲ್ಡ್ ಓದುವವರಿಗೆ 'ಇಲ್ಲಿ ನೋಡಿ' ಅನ್ನುತ್ತದೆ. ಕೋಡ್ ಗುರುತು 'ಇದನ್ನು ಹೀಗೇ, ಒಂದಕ್ಷರ ಬಿಡದೆ ಹೊಡೆಯಿರಿ' ಅನ್ನುತ್ತದೆ. ಎರಡೂ ಬೇರೆ ಬೇರೆ ಮಾತು. ಕೋಡ್ ಅನ್ನುವುದು ಪಹಣಿಯ ಸರ್ವೆ ನಂಬರ್ ಇದ್ದ ಹಾಗೆ. ಒಂದು ಓರೆಗೆರೆ ಆಚೀಚೆ ಆದರೂ ಜಮೀನೇ ಬೇರೆ. ಅದನ್ನು ದಪ್ಪ ಮಾಡಿದ ಮಾತ್ರಕ್ಕೆ ಕಾಪಾಡಿದ ಹಾಗೆ ಆಗಲಿಲ್ಲ. ವರ್ಡ್‌ನಂಥ ಸಾಫ್ಟ್‌ವೇರು ಟೈಪ್ ಮಾಡುವಾಗಲೇ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತದೆ, ಹೈಫನ್‌ಗಳನ್ನು ಸೇರಿಸುತ್ತದೆ. ಬೋಲ್ಡ್ ಇದ್ದರೂ ಬಾಗಿಸುತ್ತದೆ. ಬ್ಯಾಕ್‌ಟಿಕ್ ಹಾಕಿ ಮಾರ್ಕ್‌ಡೌನ್‌ನಲ್ಲಿ ಬರೆದರೆ ಒಳಗಿರುವುದನ್ನು ಯಾರೂ ಮುಟ್ಟುವುದಿಲ್ಲ. ಸ್ಟಾರ್ ಸ್ಟಾರ್ ಆಗಿಯೇ ಉಳಿಯುತ್ತದೆ, ಅಂಡರ್‌ಸ್ಕೋರ್ ಅಂಡರ್‌ಸ್ಕೋರ್ ಆಗಿಯೇ.

ಇದು ಕಂಪ್ಯೂಟರ್ ಓದುವವರ ತಲೆನೋವು ಮಾತ್ರ ಅಂದುಕೊಳ್ಳಬೇಡಿ. ಸಕಲೇಶಪುರ ಕಡೆಯ ಬೆಳೆಗಾರರೊಬ್ಬರು ಕಾಫಿ ಗಿಡ ನೆಡುವ ಬಗ್ಗೆ ಒಂದು ಕೈಪಿಡಿ ಮಾಡಿಸಲು ಬಂದಿದ್ದರು. ಅವರ ಮಗ ಅದನ್ನು ಮಾರ್ಕ್‌ಡೌನ್‌ನಲ್ಲಿ ಬರೆದಿದ್ದ. ಗುಂಡಿಯ ಅಳತೆ 45*45*45 ಸೆಂಟಿಮೀಟರ್ ಅಂತ ಇತ್ತು. ಎರಡು ಸ್ಟಾರ್ ನಡುವೆ ಸಿಕ್ಕಿದ 45 ಓರೆಯಾಗಿ, ಸ್ಟಾರ್ ಎರಡೂ ಮಾಯವಾಗಿ, ಪುಟದಲ್ಲಿ 454545 ಅಂತ ಬಂದಿತ್ತು. ಇಲ್ಲಿ ಸ್ಟಾರ್ ಬದಲು ಗುಣಾಕಾರದ × ಹಾಕುವುದೇ ಸರಿ. ಸ್ಟಾರೇ ಬೇಕಿದ್ದರೆ ಪ್ರತಿ ಸ್ಟಾರಿನ ಹಿಂದೆ ಒಂದು ಬ್ಯಾಕ್‌ಸ್ಲ್ಯಾಷ್ ಇಡಬೇಕು. ಮಳೆ_ಲೆಕ್ಕ_ಜೂನ್ ಅನ್ನುವಂಥ ಫೈಲ್ ಹೆಸರಿಗೂ ಹಳೆಯ ಸಾಫ್ಟ್‌ವೇರುಗಳಲ್ಲಿ ಇದೇ ಗತಿ ಆಗುತ್ತಿತ್ತು. ನಡುವಿನ 'ಲೆಕ್ಕ' ಓರೆಯಾಗಿ ಗೆರೆಗಳು ಹೋಗಿಬಿಡುತ್ತಿದ್ದವು. 2014ರಲ್ಲಿ ಕಾಮನ್‌ಮಾರ್ಕ್ ಅನ್ನುವ ಖಚಿತ ನಿಯಮಾವಳಿ ಬಂತು. ಅದರ ಪ್ರಕಾರ ಪದದ ಒಳಗಿನ ಅಂಡರ್‌ಸ್ಕೋರಿಗೆ ಒತ್ತಿನ ಅರ್ಥ ಇಲ್ಲ. ಆದರೂ ಫೈಲ್ ಹೆಸರನ್ನು ಬ್ಯಾಕ್‌ಟಿಕ್ ಒಳಗೆ ಇಡುವುದೇ ಕ್ಷೇಮ.

ಕನ್ನಡದಲ್ಲಿ ಬರೆಯುವವರು ಇನ್ನೂ ಸ್ವಲ್ಪ ಜಾಸ್ತಿ ಯೋಚನೆ ಮಾಡಬೇಕು. ನಮ್ಮ ಭಾಷೆಯಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ, ಅಲ್ವಾ? ಹಾಗಾದರೆ ಗುರುತನ್ನು ಎಲ್ಲಿ ಮುಚ್ಚಬೇಕು? ಅಂಡರ್‌ಸ್ಕೋರ್ ಹಾಕಿ _ಹಾಸನ_ದಲ್ಲಿ ಅಂತ ಬರೆದರೆ ಕಾಮನ್‌ಮಾರ್ಕ್ ಅದನ್ನು ಒತ್ತು ಅಂತ ಗುರುತಿಸುವುದಿಲ್ಲ, ಗೆರೆ ಹಾಗೇ ಕಾಣುತ್ತದೆ. ಸ್ಟಾರ್ ಹಾಕಿ `**ಹಾಸನ**ದಲ್ಲಿ` ಅಂದರೆ ಸರಿಹೋಗುತ್ತದೆ. ಆದರೆ `**“ಹಾಸನ”**ದಲ್ಲಿ` ಅಂತ ಉದ್ಧರಣ ಚಿಹ್ನೆಯನ್ನು ಒಳಗೆ ಹಾಕಿದಿರೋ, ಮತ್ತೆ ಸ್ಟಾರ್ ಬೀದಿಗೆ ಬಂತು. ಮುಚ್ಚುವ ಸ್ಟಾರಿನ ಹಿಂದೆ ಚಿಹ್ನೆ, ಮುಂದೆ ಅಕ್ಷರ ಇದ್ದರೆ ಅದು ಮುಚ್ಚುವ ಗುರುತು ಅಂತ ಲೆಕ್ಕಕ್ಕೇ ಬರುವುದಿಲ್ಲ. ಉದ್ಧರಣ ಚಿಹ್ನೆಯನ್ನು ಸ್ಟಾರಿನ ಹೊರಗೆ ಹಾಕಬೇಕು. ಇನ್ನು 'ಊರಿನಲ್ಲಿ' ಅನ್ನುವ ಪದದಲ್ಲಿ 'ರಿ' ಅಕ್ಷರವನ್ನು ಅರ್ಧಕ್ಕೆ ಸೀಳಲು ಆಗುವುದೇ ಇಲ್ಲ.

ನಾನು ಅಂಗಡಿಯಲ್ಲಿ ಪಾಲಿಸುವುದು ಹೀಗೆ. ಒತ್ತು ಕೊಡುವಾಗ ವಿಭಕ್ತಿ ಸಮೇತ ಇಡೀ ಪದವನ್ನು ದಪ್ಪ ಮಾಡುತ್ತೇನೆ. ಓದುವವರ ಕಣ್ಣು ಪದವನ್ನು ಇಡಿಯಾಗಿಯೇ ಓದುತ್ತದೆ. ಕೋಡ್ ಆದರೆ ವಿಭಕ್ತಿಯನ್ನು ಬ್ಯಾಕ್‌ಟಿಕ್ ಒಳಗೆ ಬಿಡುವುದೇ ಇಲ್ಲ. ಯಂತ್ರಕ್ಕೆ ನಮ್ಮ 'ಅನ್ನು', 'ಇಂದ', 'ಅಲ್ಲಿ' ಯಾವುದೂ ಗೊತ್ತಿಲ್ಲ. ಅದಕ್ಕಿಂತ ಒಳ್ಳೆಯದು, ವಿಭಕ್ತಿ ಹೊರಲು ಒಂದು ಕನ್ನಡ ಪದವನ್ನು ಪಕ್ಕದಲ್ಲಿ ಇಟ್ಟುಬಿಡುವುದು. `print` ಆಜ್ಞೆಯನ್ನು, `ಮಳೆ_ಲೆಕ್ಕ` ಫೈಲಿನಲ್ಲಿ, ಹೀಗೆ. ನಡುವೆ ಖಾಲಿ ಜಾಗ ಸಿಗುತ್ತದೆ, ಓದಲೂ ಸಲೀಸು. ಪೈಥಾನ್‌ನ ಅಧಿಕೃತ ಕೈಪಿಡಿಗಳನ್ನು ಬರೆಯುವ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಅನ್ನುವ ಕ್ರಮದಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಕೋಡ್‌ಗೆ ಎರಡೆರಡು ಬ್ಯಾಕ್‌ಟಿಕ್ ಬೇಕು. ಮುಚ್ಚಿದ ಮೇಲೆ ಖಾಲಿ ಜಾಗವೋ ವಿರಾಮ ಚಿಹ್ನೆಯೋ ಇರಲೇಬೇಕು. ನೇರವಾಗಿ 'ನಲ್ಲಿ' ಅಂಟಿಸಿದರೆ ಅದು ಕೋಡ್ ಅಂತಲೇ ಒಪ್ಪುವುದಿಲ್ಲ. ನಡುವೆ ಬ್ಯಾಕ್‌ಸ್ಲ್ಯಾಷ್ ಮತ್ತು ಖಾಲಿ ಜಾಗ ಹಾಕಿ ಬಿಡಿಸಬೇಕಾಗುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ಕಾಟ ಇದೆ. 'ಪ್ರಿಂಟ್‌ನಲ್ಲಿ' ಅಂತ ಬರೆಯುವಾಗ ಒತ್ತಕ್ಷರ ಆಗದಿರಲಿ ಅಂತ ನಾವು ಟ್ ಆದ ಮೇಲೆ ಒಂದು ಅದೃಶ್ಯ ಅಕ್ಷರ ಒತ್ತುತ್ತೇವೆ. ಅದು ಅಗಲವೇ ಇಲ್ಲದ ಅಕ್ಷರ. ಕೈ ಅಭ್ಯಾಸದಿಂದ ಅದು ಕೋಡ್ ಒಳಗೆ ಸೇರಿಕೊಂಡರೆ ಪೈಥಾನ್ ತಪ್ಪು ತೋರಿಸಿ ನಿಲ್ಲುತ್ತದೆ. ಎಷ್ಟು ಕಣ್ಣರಳಿಸಿ ನೋಡಿದರೂ ತಪ್ಪು ಎಲ್ಲಿದೆ ಅಂತ ಕಾಣುವುದಿಲ್ಲ. ಪಾಠ ಬರೆಯುವವರು ಇದರ ಮೇಲೆ ದಯವಿಟ್ಟು ನಿಗಾ ಇಡಬೇಕು.

ಓರೆ ಅಕ್ಷರದ ಬಗ್ಗೆಯೂ ಒಂದು ಮಾತು. ಇಟಾಲಿಕ್ ಹುಟ್ಟಿದ್ದು ಇಟಲಿಯ ವೆನಿಸ್‌ನಲ್ಲಿ, 1500ರ ಆಸುಪಾಸಿನಲ್ಲಿ, ಲ್ಯಾಟಿನ್ ಅಕ್ಷರಗಳಿಗಾಗಿ. ನಮ್ಮ ಅಕ್ಷರಕ್ಕೆ ಆ ರೂಢಿ ಇಲ್ಲ. ಕಂಪ್ಯೂಟರ್ ಸುಮ್ನೆ ಗುಂಡು ಅಕ್ಷರವನ್ನು ಪಕ್ಕಕ್ಕೆ ವಾಲಿಸುತ್ತದೆ. ತಲೆಕಟ್ಟು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ ಎಳೆದಂತೆ ಕಾಣುತ್ತದೆ. ಅಡಿಗೆರೆಯಂತೂ ಬೇಡವೇ ಬೇಡ. 'ರಾಷ್ಟ್ರ' ಅನ್ನುವ ಪದಕ್ಕೆ ಅಡಿಗೆರೆ ಎಳೆದು ಪ್ರಿಂಟ್ ತೆಗೆದು ನೋಡಿ, ಒತ್ತಕ್ಷರದ ಮೇಲೇ ಗೆರೆ ಹಾಯುತ್ತದೆ. ಕನ್ನಡಕ್ಕೆ ದಪ್ಪ ಅಕ್ಷರ ಚೆನ್ನ, ಅದೂ ಪುಟಕ್ಕೆ ಒಂದೋ ಎರಡೋ ಕಡೆ. ಎಐ ಬರೆದ ರಿಪೋರ್ಟುಗಳಲ್ಲಿ ಸಾಲಿಗೊಂದು ಬೋಲ್ಡ್ ಇರುತ್ತದೆ. ಎಲ್ಲಕ್ಕೂ ಒತ್ತು ಕೊಟ್ಟರೆ ಓದುವವರು ಎಲ್ಲಿ ನಿಲ್ಲಬೇಕು?

ನಮ್ಮಂಥ ಅಂಗಡಿಯವರು ಸ್ಟಾರ್ ಕೀಳುವ ಕೆಲಸವನ್ನೇ ಬಿಡಬಹುದು. ಪ್ಯಾಂಡಾಕ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಜಾನ್ ಮ್ಯಾಕ್‌ಫಾರ್ಲೇನ್ ಅನ್ನುವ ತತ್ವಶಾಸ್ತ್ರದ ಪ್ರಾಧ್ಯಾಪಕರು 2006ರಲ್ಲಿ ಅದನ್ನು ಬಿಡುಗಡೆ ಮಾಡಿದರು. ಕಾಮನ್‌ಮಾರ್ಕ್ ನಿಯಮಗಳ ಹಿಂದೆಯೂ ಅವರ ದುಡಿಮೆ ಇದೆ. ಮಾರ್ಕ್‌ಡೌನ್ ಫೈಲನ್ನು ಅದಕ್ಕೆ ಕೊಟ್ಟರೆ ನೇರ ವರ್ಡ್ ಫೈಲ್ ಬರುತ್ತದೆ. ಎರಡು ಸ್ಟಾರ್ ಇದ್ದದ್ದು ದಪ್ಪ ಆಗಿರುತ್ತದೆ. ಬ್ಯಾಕ್‌ಟಿಕ್ ಇದ್ದದ್ದಕ್ಕೆ ಬೇರೆಯದೇ ಒಂದು ಸ್ಟೈಲ್ ಬಿದ್ದಿರುತ್ತದೆ. ಆ ಸ್ಟೈಲಿನ ಫಾಂಟನ್ನು ಒಂದು ಕಡೆ ಬದಲಿಸಿದರೆ ಇಡೀ ರಿಪೋರ್ಟಿನ ಕೋಡ್ ಎಲ್ಲ ಬದಲಾಗುತ್ತದೆ. ಉದ್ಧರಣ ಚಿಹ್ನೆಯನ್ನು ಪ್ಯಾಂಡಾಕ್ ಕೂಡ ಬಾಗಿಸುತ್ತದೆ, ಆದರೆ ಬ್ಯಾಕ್‌ಟಿಕ್ ಒಳಗಿನದಕ್ಕೆ ಕೈ ಹಾಕುವುದಿಲ್ಲ. ಇದು ಗೊತ್ತಾದ ಮೇಲೆ ನಮ್ಮ ಅಂಗಡಿಯಲ್ಲಿ ಮಕ್ಕಳಿಗೆ ಹೇಳುವುದು ಒಂದೇ: ಸ್ಟಾರ್ ಅಳಿಸಬೇಡಿ, ಮೂಲ ಫೈಲ್ ಇದ್ದ ಹಾಗೇ ತನ್ನಿ.

ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫೈಲುಗಳ ಕಥೆ ಬೇರೆ. ಅದರಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂತಿರುತ್ತವೆ. ಪ್ರತಿ ಭಾಷೆಯ ಅಕ್ಷರಕ್ಕೂ ಬೇರೆಯದೇ ಜಾಗ ಇರುವ ಯುನಿಕೋಡ್‌ಗೆ ಬದಲಾಯಿಸುವಾಗ ನಡುವಿನ ಇಂಗ್ಲಿಷ್ ಆಜ್ಞೆಗಳೂ ಅರ್ಥವಿಲ್ಲದ ಕನ್ನಡವಾಗಿ ಹೋಗುತ್ತವೆ. ಕೋಡ್ ಇರುವ ಪಾಠವನ್ನು ಮೊದಲಿಂದಲೇ ಯುನಿಕೋಡ್‌ನಲ್ಲಿ ಬರೆಯಬೇಕು.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಪಾಠದೊಳಗಿನ ಕೋಡನ್ನು ಬೋಲ್ಡ್ ಮಾಡುವುದು ಬಿಟ್ಟು, ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇರುವ ಬೇರೆ ಫಾಂಟಿನಲ್ಲಿ ಹಾಕಿಸಿ. ಪುಟ ಜೋಡಿಸುವವರಿಗೆ ಲೇಖಕರು ಬ್ಯಾಕ್‌ಟಿಕ್ ಸಮೇತವೇ ಬರಹ ಕಳಿಸಲಿ, ಯಾವುದು ಕೋಡ್ ಅಂತ ಅವರು ಊಹೆ ಮಾಡುವ ಹಾಗಾಗಬಾರದು. ಕೋಡ್ ಒಳಗೆ ಉದ್ಧರಣ ಚಿಹ್ನೆ ನೆಟ್ಟಗಿದೆಯಾ, ಹೈಫನ್ ಎರಡೂ ಬಿಡಿಬಿಡಿಯಾಗಿ ಇವೆಯಾ ಅಂತ ಅಚ್ಚಿಗೆ ಹೋಗುವ ಮೊದಲು ಒಬ್ಬರು ನೋಡಲಿ. ಕಾಲೇಜುಗಳಲ್ಲಿ ಕನ್ನಡದಲ್ಲಿ ನೋಟ್ಸ್ ಮಾಡುವ ಮೇಷ್ಟ್ರುಗಳೂ ಮೊದಲ ತರಗತಿಯಲ್ಲೇ ಈ ಗುರುತುಗಳನ್ನು ಕಲಿಸಲಿ, ಅರ್ಧ ಗಂಟೆಯೂ ಬೇಕಾಗುವುದಿಲ್ಲ.

ವರ್ಡ್‌ಗೆ ಬೇಕಾದ ಮಾದರಿ ಫೈಲ್ ಒಂದನ್ನು ನಾನು ಮಾಡಿಟ್ಟಿದ್ದೇನೆ. ಕನ್ನಡಕ್ಕೆ ಒಂದು ಫಾಂಟು, ಕೋಡ್‌ಗೆ ಒಂದು ಫಾಂಟು, ಓರೆಯ ಬದಲು ದಪ್ಪ ಬರುವಂತೆ ಹೊಂದಿಸಿದ್ದೇನೆ. ನಿಮ್ಮ ಪುಟದ ಲೇಖಕರಿಗೆ ಬೇಕಿದ್ದರೆ ತಿಳಿಸಿ, ಕಳಿಸಿಕೊಡುತ್ತೇನೆ. ದುಡ್ಡೇನೂ ಬೇಡ.

ಇತಿ ನಿಮ್ಮ ಓದುಗರಲ್ಲಿ ಒಬ್ಬಳು,
ಡಿ.ಟಿ.ಪಿ. ಅಂಗಡಿಯವಳು, ಹಾಸನ