ರಾತ್ರಿ ನೀರು ಕಟ್ಟುವವರಿಗೆ ಸೆಲ್ ಹಾಕುವ ಟಾರ್ಚೇ ಮೇಲು

ಮಾನ್ಯರೆ,

ಪಂಪ್‌ಸೆಟ್‌ಗೆ ರಾತ್ರಿ ಹೊತ್ತು ತ್ರೀ ಫೇಸ್ ಕರೆಂಟು ಕೊಡುವ ಕಡೆಗಳಲ್ಲಿ ರೈತರು ಕತ್ತಲಲ್ಲೇ ತೋಟಕ್ಕೆ ಹೋಗಬೇಕು. ಅವರು ಕೊಳ್ಳುವ ಅಗ್ಗದ, ಪ್ಲಗ್ಗಿಗೆ ಸಿಕ್ಕಿಸುವ ಟಾರ್ಚ್‌ಗಳಲ್ಲಿ ಹಲವಕ್ಕೆ ಇರುವುದು 4 ವೋಲ್ಟಿನ ಪುಟ್ಟ ಲೆಡ್-ಆಸಿಡ್ ಬ್ಯಾಟರಿ. ಪೂರ್ತಿ ಇಳಿದ ಮೇಲೆ ಕೆಲವು ವಾರ ಹಾಗೇ ಬಿಟ್ಟರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಕಟ್ಟಿ ಅದು ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋದರಂತೂ ಇದ್ದೂ ಇಲ್ಲದಂತೆ. ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್ ಎಲ್ಲ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಅಂಥ ಎರಡು ಸೆಲ್ಲಿನ ಒಳ್ಳೆಯ ಎಲ್‌ಇಡಿ ಟಾರ್ಚ್ ತೆಗೆದುಕೊಳ್ಳಿ.

ಬೆಳಕಿನ ಪ್ರಮಾಣವನ್ನು ಅಳೆಯುವುದು ಲೂಮೆನ್‌ನಲ್ಲಿ. ಡಬ್ಬದ ಮೇಲಿನ ‘10,000 ಲೂಮೆನ್’ ಸುಳ್ಳು. ಟಾರ್ಚಿನ ಎಲ್‌ಇಡಿ ಒಂದು ವ್ಯಾಟ್‌ಗೆ ಕೊಡುವುದು ಸುಮಾರು 100 ಲೂಮೆನ್. ಎರಡು ಎಎ ಸೆಲ್‌ನಿಂದ 100 ವ್ಯಾಟ್ ಹೊರಡುವ ಮಾತೇ ಇಲ್ಲ. ಎರಡು ಅಲ್ಕಲೈನ್ ಸೆಲ್‌ನಲ್ಲಿರುವ ಒಟ್ಟು ಶಕ್ತಿ 5 ವ್ಯಾಟ್-ಅವರ್ ಆಸುಪಾಸು. 100 ಲೂಮೆನ್‌ನಂತೆ ಉರಿಸಿದರೆ ಐದು ಗಂಟೆ ಸಿಕ್ಕರೆ ಹೆಚ್ಚು. ಬದುವಿನ ಮೇಲೆ ನಡೆಯಲು 50ರಿಂದ 100 ಲೂಮೆನ್ ಧಾರಾಳ. ದೂರ ನೋಡಲು 200 ಬೇಕು. ಟಾರ್ಚ್ ಅಳೆಯುವ ಮಾನದಂಡವಾದ ‘ಎಫ್‌ಎಲ್ 1’ ಗುರುತಿದ್ದರೆ ಅಂಕಿಗಳನ್ನು ನಂಬಬಹುದು. ಆದರೆ ಅದರಲ್ಲಿ ‘100 ಮೀಟರ್’ ಎಂದರೆ ಅಷ್ಟು ದೂರದಲ್ಲಿ ಬೀಳುವುದು ಹುಣ್ಣಿಮೆಯಷ್ಟು ಬೆಳಕು ಮಾತ್ರ. ಸ್ಪಷ್ಟವಾಗಿ ಕಾಣುವುದು ಅದರ ಅರ್ಧದೊಳಗೆ.

ಬಿಳಿ ಎಲ್‌ಇಡಿ ಉರಿಯಲು ಸುಮಾರು 3 ವೋಲ್ಟ್ ಬೇಕು. ಮೂರು ಸಣ್ಣ ಎಎಎ ಸೆಲ್ಲಿನ ಅಗ್ಗದ ಟಾರ್ಚ್‌ಗಳಲ್ಲಿ ಎಷ್ಟೋ ಸಲ ಯಾವ ಸರ್ಕ್ಯೂಟೂ ಇರುವುದಿಲ್ಲ. ಮೊದಲು ಝಗ್ಗೆಂದು ಉರಿದು ನಿಮಿಷ ನಿಮಿಷಕ್ಕೂ ಮಂಕಾಗುತ್ತವೆ. ವೋಲ್ಟೇಜ್ ಏರಿಸುವ ಸರ್ಕ್ಯೂಟ್ (ಡ್ರೈವರ್) ಇರುವ ಎರಡು ಎಎ ಟಾರ್ಚ್ ಬಹುಹೊತ್ತು ಒಂದೇ ಸಮ ಉರಿದು ಕೊನೆಗೆ ಥಟ್ಟನೆ ಇಳಿಯುತ್ತದೆ. ಹಾಗಾಗಿ ಜೇಬಿನಲ್ಲಿ ಇನ್ನೆರಡು ಸೆಲ್ ಇರಲೇಬೇಕು.

ಬೆಳಕಿನ ಬಣ್ಣವನ್ನೂ ನೋಡಿ. ನೀಲಿ ಛಾಯೆಯ ಬೆಳಕಿನಲ್ಲಿ ಕಂದು, ಕೆಂಪು ಬಣ್ಣಗಳು ಒಂದರಲ್ಲೊಂದು ಬೆರೆತುಹೋಗುತ್ತವೆ. ತರಗೆಲೆ ಮೇಲೆ ಮಲಗಿದ ಕೊಳಕುಮಂಡಲವನ್ನು ಗುರುತಿಸಲು 4000ದಿಂದ 5000 ಕೆಲ್ವಿನ್‌ನ (ಇದು ಬೆಳಕಿನ ಬಣ್ಣದ ಅಳತೆ; ಅಂಕಿ ಏರಿದಷ್ಟೂ ನೀಲಿ ಛಾಯೆ), ಅಗಲಕ್ಕೆ ಹರಡುವ ಬೆಳಕೇ ಒಳ್ಳೆಯದು. ನೀರು ತಡೆಯುವ ಮಟ್ಟವನ್ನು ಐಪಿಎಕ್ಸ್ ಅಂಕಿ ಹೇಳುತ್ತದೆ: ಮಳೆಗೆ ಐಪಿಎಕ್ಸ್ 4 ಸಾಕು, ಕಾಲುವೆಗೆ ಬೀಳುವ ಭಯವಿದ್ದರೆ ಐಪಿಎಕ್ಸ್ 7.

ದಿನಬಳಕೆಗೆ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ ಹಾಕಿ. ವೋಲ್ಟೇಜ್ 1.2 ಆದರೂ ಹೆಚ್ಚು ಕರೆಂಟು ಎಳೆದಾಗ ಅದು ಕುಸಿಯುವುದಿಲ್ಲ. ಅಗ್ಗದ ಜಿಂಕ್-ಕಾರ್ಬನ್ ಸೆಲ್ ಗಡಿಯಾರಕ್ಕೆ ಸರಿ, ಪ್ರಖರ ಟಾರ್ಚಿಗಲ್ಲ. ಅದರ ಸತುವಿನ ಹೊರಕವಚವೇ ಸವೆದು ತೂತಾಗಿ ಸೋರುತ್ತದೆ. ಹಳೆಯದು ಹೊಸದು ಬೆರೆಸಬೇಡಿ: ಬಲವಾದ ಸೆಲ್ಲು ಬರಿದಾದದ್ದನ್ನು ಉಲ್ಟಾ ದಿಕ್ಕಿಗೆ ತಳ್ಳಿ ಸೋರಿಸುತ್ತದೆ. ಎಎ ಗಾತ್ರದ್ದೇ ಆದ 14500 ಲಿಥಿಯಂ ಸೆಲ್ 3.7 ವೋಲ್ಟಿನದು. ಟಾರ್ಚಿನ ಮೇಲೆ ನಡೆಯುತ್ತದೆಂದು ಬರೆದಿರದಿದ್ದರೆ ಹಾಕಬೇಡಿ, ಎಲ್‌ಇಡಿ ಸುಟ್ಟೀತು.

ಅಲ್ಕಲೈನ್ ಸೆಲ್ ಸೋರಿ ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅದು ಕ್ಷಾರ. ಬರಿಗೈಯಲ್ಲಿ ಮುಟ್ಟದೆ, ಹತ್ತಿಗೆ ವಿನೆಗರ್ ಅಥವಾ ನಿಂಬೆರಸ ಹಚ್ಚಿ ಒರೆಸಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಚೆನ್ನಾಗಿ ಒಣಗಿಸಿದರೆ ಬಹಳಷ್ಟು ಟಾರ್ಚ್‌ಗಳು ಮತ್ತೆ ಹತ್ತುತ್ತವೆ.