ನನ್ನ ಡ್ರಮ್ಮುಗಳನ್ನು ಉಳಿಸಿದವರಿಗೆ

ಮಾದರಿ ರೈಲುಗಳ ಪ್ರದರ್ಶನ ಶುರುವಾಗಲು ಒಂದೇ ಗಂಟೆ ಇತ್ತು. ನನ್ನ ಗೂಡ್ಸ್ ಶೆಡ್ಡಿನ 12 ಎಣ್ಣೆ ಡ್ರಮ್ಮುಗಳಿಗೆ ಕಪ್ಪು ಬಣ್ಣ ಜಾಸ್ತಿಯಾಗಿ, ಟಾರಿನಲ್ಲಿ ಅದ್ದಿ ತೆಗೆದ ಹಾಗಿದ್ದವು. 1:87 ಅಳತೆಯಲ್ಲಿ, ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲಿನಷ್ಟು, ಒಂದೊಂದೂ ಬರೀ ಒಂದು ಸೆಂಟಿಮೀಟರ್ ಎತ್ತರ. ಕೈ ನಡುಗುತ್ತಿತ್ತು.

ನೀವು ಏನೂ ಕೇಳದೆ ಕುರ್ಚಿ ಎಳೆದುಕೊಂಡು ಕೂತಿರಿ. “ಇನ್ನೂ ಒಣಗಿಲ್ಲ ಅಲ್ವಾ, ಬಿಡಿ” ಎಂದಿರಿ. ಒದ್ದೆ ಇಯರ್ ಬಡ್‌ನಿಂದ ಮೇಲಿಂದ ಕೆಳಕ್ಕೆ ಮಾತ್ರ ಒರೆಸಿದಿರಿ, ಮಳೆನೀರು ಇಳಿಯುವ ದಾರಿಯಲ್ಲೇ. ಕಪ್ಪು ಸಂದಿಗಳಲ್ಲಷ್ಟೇ ಉಳಿಯಿತು. ಆಮೇಲೆ ಸ್ಪಂಜಿನ ಚೂರನ್ನು ತುಕ್ಕಿನ ಬಣ್ಣಕ್ಕೆ ಅದ್ದಿ, ಟಿಶ್ಯೂ ಮೇಲೆ ಒತ್ತಿ ಒತ್ತಿ ತೆಗೆದು, ಡ್ರಮ್ಮಿನ ಅಂಚಿಗೆ ಸುಮ್ನೆ ತಾಗಿಸಿದಿರಿ.

ನನ್ನ ನಡುಕ ನಿಂತದ್ದು ಕಂಡಿತೇನೋ, ಕೊನೆಯ ನಾಲ್ಕನ್ನು ನನಗೇ ಬಿಟ್ಟಿರಿ. ತಲೆ ಎತ್ತಿದರೆ ಕುರ್ಚಿ ಖಾಲಿ. ಹೆಸರೂ ಕೇಳಲಿಲ್ಲ. ನಿಮ್ಮ ಸ್ಪಂಜಿನ ಚೂರು ನನ್ನ ಹತ್ತಿರವೇ ಇದೆ. ತುಂಬಾ ಥ್ಯಾಂಕ್ಸ್ ರೀ.